ಕೂಡದ ಲೆಕ್ಕವನ್ನು ಬಿಡದ ವಿಜ್ಞಾನಿ ವಿಕ್ಟರ್ ಮೇಯರ್

ಸಂಜೆ ಲೆಕ್ಕ ಮುಗಿಸುವಾಗ ಐದೇ ರೂಪಾಯಿ ವ್ಯತ್ಯಾಸ ಬಂದರೂ ಬ್ಯಾಂಕಿನ ಗುಮಾಸ್ತರಾದ ನಮಗೆ ಮನೆಗೆ ಹೋಗುವ ಮನಸ್ಸಾಗದು. ಚಿಕ್ಕ ವ್ಯತ್ಯಾಸದ ಹಿಂದೆ ದೊಡ್ಡ ಸಂಗತಿ ಅಡಗಿರಬಹುದು. ರಸಾಯನಶಾಸ್ತ್ರದಲ್ಲಿ ಇಂಥದೇ ಸ್ವಭಾವದ ಮಹನೀಯರೊಬ್ಬರಿದ್ದರು. ನಮ್ಮ ನಾಡಿನ ಶ್ರೀಗಂಧದೆಣ್ಣೆಗೂ ಅವರಿಗೂ ಶಿಷ್ಯರೊಬ್ಬರ ಮೂಲಕ ನಂಟುಂಟು. ಆದುದರಿಂದ ರಾಜ್ಯೋತ್ಸವದ ಈ ಸಂಚಿಕೆಯಲ್ಲಿ ಅವರನ್ನು ನೆನೆಯುವುದು ಉಚಿತವೆಂದು ಭಾವಿಸಿದ್ದೇವೆ.

ವಿಕ್ಟರ್ ಮೇಯರ್ ಅವರು 1848ನೆಯ ಇಸವಿ ಸೆಪ್ಟೆಂಬರ್ 8ರಂದು ಬರ್ಲಿನ್ ನಗರದ ಯಹೂದಿ ವರ್ತಕರ ಮನೆಯಲ್ಲಿ ಜನಿಸಿದರು. ಬಾಲ್ಯದಲ್ಲಿ ಅವರಿಗಿದ್ದುದು ನಾಟಕದ ಹುಚ್ಚು; ನಟನಾಗಬೇಕೆಂಬುದೇ ಹಂಬಲ. ಮನೆಯವರಿಗೆ ಅದು ಸಮ್ಮತವಾಗಲಿಲ್ಲ. ಹೈಡಲ್‌ಬರ್ಗಿನಲ್ಲಿ ಬುನ್ಸೆನ್ ಎಂಬ ಮಹಾ ಗುರುಗಳ ಬಳಿ ಕಲಿತು 1867ರಲ್ಲಿ ಡಾಕ್ಟರ್ ಪದವಿ ಪಡೆದರು. ಬಳಿಕ ಬರ್ಲಿನ್ನಿನಲ್ಲಿ ಬೇಯರ್ ಅವರ ಶಿಷ್ಯರಾದರು. 1872ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ಪಾಲಿಟೆಕ್ನಿಕ್ಕಿನಲ್ಲಿ ಪ್ರಾಧ್ಯಾಪಕರಾದಾಗ ಅವರಿಗೆ ಸುಮಾರು ಇಪ್ಪತ್ತನಾಲ್ಕು ವರ್ಷ.

1882ರಲ್ಲಿ ಒಂದು ದಿನ ತರಗತಿಯಲ್ಲಿ ಬೆಂಜೀನಿನ ಪರೀಕ್ಷೆ ತೋರಿಸುತ್ತಿದ್ದರು. ಐಸಾಟಿನ್ ಮತ್ತು ಗಂಧಕಾಮ್ಲವನ್ನು ಬೆಂಜೀನಿನೊಡನೆ ಕಲಸಿದರೆ ನೀಲಿ ಬಣ್ಣ ಬರಬೇಕು. ಅಂದು ಬರಲಿಲ್ಲ! ಬೇರೆಯವರಾಗಿದ್ದರೆ ನಕ್ಕು ಮುಂದಿನ ಪಾಠಕ್ಕೆ ಹೋಗುತ್ತಿದ್ದರೇನೋ. ಮೇಯರ್ ವಿಚಾರಿಸಿದರು. ಎಂದಿನ ಬೆಂಜೀನು ಕಲ್ಲಿದ್ದಲಿನ ಟಾರಿನಿಂದ ತೆಗೆದದ್ದು. ಅಂದಿನದು ಬೆಂಜೋಯಿಕ್ ಆಮ್ಲದಿಂದ ತಯಾರಿಸಿದ ಅಪ್ಪಟ ಬೆಂಜೀನು. ಹಾಗಾದರೆ ಇಷ್ಟು ಕಾಲ ನೀಲಿ ಬಣ್ಣ ಕೊಟ್ಟದ್ದು ಬೆಂಜೀನಲ್ಲ, ಅದರಲ್ಲಿ ಅಡಗಿದ್ದ ಬೇರೊಂದು ವಸ್ತು. ಮರುವರ್ಷ ಅದನ್ನು ಬೇರ್ಪಡಿಸಿ ಥಯೋಫೀನ್ ಎಂದು ಹೆಸರಿಟ್ಟರು.

1885ರಲ್ಲಿ ಗಟ್ಟಿಂಗೆನ್ನಿಗೂ, 1889ರಲ್ಲಿ ಗುರುಗಳಾದ ಬುನ್ಸೆನ್ನರ ಪೀಠಕ್ಕೇ ಹೈಡಲ್‌ಬರ್ಗಿಗೂ ಹೋದರು. ಅಲ್ಲಿ ಇನ್ನೊಂದು ಲೆಕ್ಕ ಕೂಡಲಿಲ್ಲ. ಬೆಂಜೋಯಿಕ್ ಆಮ್ಲವನ್ನು ಮೀಥೈಲ್ ಆಲ್ಕೋಹಾಲಿನಲ್ಲಿ ಕರಗಿಸಿ ಹೈಡ್ರೋಜನ್ ಕ್ಲೋರೈಡ್ ಅನಿಲ ಹಾಯಿಸಿದರೆ ಎಸ್ಟರ್ ಎಂಬ ವಸ್ತು ಸಲೀಸಾಗಿ ಆಗುತ್ತದೆ. ಆದರೆ ಅಣುವಿನ ಉಂಗುರದಲ್ಲಿ ಆಮ್ಲದ ಗುಂಪಿನ ಎಡಕ್ಕೂ ಬಲಕ್ಕೂ ಬೇರೆ ಗುಂಪುಗಳು ಕುಳಿತಿದ್ದರೆ ಎಸ್ಟರ್ ಆಗುವುದೇ ಇಲ್ಲ. ಒಂದೇ ಪಕ್ಕದಲ್ಲಿದ್ದರೆ ಆಗುತ್ತದೆ. ಈ ನಿಯಮವನ್ನು 1894ರಲ್ಲಿ ಶಿಷ್ಯ ಸಡ್‌ಬರೋ ಅವರೊಡನೆ ಪ್ರಕಟಿಸಿದರು.

ಮುಂಬಯಿಯಲ್ಲಿರುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಲೋಕಲ್ ಗಾಡಿಯ ಬಾಗಿಲಲ್ಲಿ ಎಡಬಲಕ್ಕೆ ಇಬ್ಬರು ದಪ್ಪ ಆಸಾಮಿಗಳು ನಿಂತರೆ, ಒಳಗೆ ಸ್ಥಳವಿದ್ದರೂ ಹತ್ತಲಾಗದು. ಹೇಗೋ ಹತ್ತಿದವನಿಗೆ ಇಳಿಯುವುದೂ ಕಷ್ಟ. ಅಣುಗಳಲ್ಲಿಯೂ ಹಾಗೆಯೇ. ಇಂಥ ಆಮ್ಲದ ಎಸ್ಟರನ್ನು ಒಮ್ಮೆ ತಯಾರಿಸಿದರೆ ಮತ್ತೆ ಒಡೆಯುವುದು ಬಲು ಕಠಿಣ. ತಯಾರಿಸುವ ದಾರಿಯೂ ಇತ್ತು. ಅದೇ ಆಮ್ಲದ ಬೆಳ್ಳಿಯ ಲವಣಕ್ಕೆ ಮೀಥೈಲ್ ಅಯೊಡೈಡ್ ಸೇರಿಸಿದರೆ ಎಸ್ಟರ್ ಆಯಿತು; ಏಕೆಂದರೆ ಅಲ್ಲಿ ಹೊಸ ಬಂಧ ಕೂಡುವುದು ಇಕ್ಕಟ್ಟಿನ ಇಂಗಾಲದಲ್ಲಲ್ಲ, ಹೊರಗೆ ಚಾಚಿದ ಆಮ್ಲಜನಕದಲ್ಲಿ. ಅಂದರೆ ಆಮ್ಲದ ಗುಣದಲ್ಲಿ ಕೊರತೆಯಿರಲಿಲ್ಲ, ದಾರಿಗೆ ಅಡ್ಡಿಯಿತ್ತು. ಇದನ್ನೇ ಸ್ಟೆರಿಕ್ ಹಿಂಡ್ರೆನ್ಸ್, ಅಂದರೆ ಇಕ್ಕಟ್ಟಿನ ಅಡ್ಡಿ, ಎನ್ನುತ್ತಾರೆ. ಈ ಅಡ್ಡಿಯಿಂದ ಉಪಕಾರವೂ ಉಂಟು. ಎಣ್ಣೆ ಕೊಬ್ಬು ಕಮಟಾಗದಂತೆ ಬೆರೆಸುವ ಬಿ.ಎಚ್.ಟಿ. ಎಂಬ ವಸ್ತುವಿನಲ್ಲಿ ಕ್ರಿಯಾಶೀಲ ಗುಂಪಿನ ಎಡಬಲಕ್ಕೆ ಎರಡು ಭಾರಿ ಗುಂಪುಗಳು ಕಾವಲು ನಿಂತಿರುತ್ತವೆ.

ಮೇಯರ್ ಅವರ ಪಾಠ ಕೇಳಲು ವಿದ್ಯಾರ್ಥಿಗಳು ಮುಗಿಬೀಳುತ್ತಿದ್ದರು. ನಟನ ಕಳೆ ವೇದಿಕೆಯಲ್ಲಿ ಉಳಿದಿತ್ತು. ಆದರೆ ಎಡೆಬಿಡದ ದುಡಿಮೆ, ನರಗಳ ನೋವು, ನಿದ್ರಾಹೀನತೆ ವರ್ಷಗಟ್ಟಲೆ ಕಾಡಿದವು. ಮನಸ್ಸಿನ ಕಾಯಿಲೆಗೆ ಇಂದಿನಂಥ ಮದ್ದುಗಳು ಆಗ ಇರಲಿಲ್ಲ. 1897ರ ಆಗಸ್ಟ್ 8ರಂದು, ನಲವತ್ತೊಂಬತ್ತು ತುಂಬುವ ಮುನ್ನವೇ, ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಇದನ್ನು ಬರೆಯುವಾಗ ನಮ್ಮ ಲೇಖನಿ ತಡೆಯಿತು. ಆದರೆ ಮುಚ್ಚಿಟ್ಟು ಬರೆದರೆ ಜೀವನಚರಿತ್ರೆಯ ಲೆಕ್ಕವೂ ಕೂಡದು.

ಗುರುಗಳು ಹೋದರೂ ವಿದ್ಯೆ ಉಳಿಯಿತು. ಆ ಸಡ್‌ಬರೋ ಅವರೇ ಮುಂದೆ ಬೆಂಗಳೂರಿನ ತಾತಾ ಇನ್‌ಸ್ಟಿಟ್ಯೂಟಿಗೆ, ಅದರ ಆರಂಭದ ವರ್ಷಗಳಲ್ಲಿಯೇ, ಪ್ರಾಧ್ಯಾಪಕರಾಗಿ ಬಂದರು. ಮೊದಲನೆಯ ಮಹಾಯುದ್ಧದಿಂದ ಮೈಸೂರಿನ ಗಂಧದ ಮರ ಜರ್ಮನಿಗೆ ಹೋಗುವುದು ನಿಂತಾಗ, ಇಲ್ಲಿಯೇ ಎಣ್ಣೆ ಬಟ್ಟಿಯಿಳಿಸುವ ಕ್ರಮವನ್ನು ವಾಟ್ಸನ್ ಅವರೊಡನೆ ಸಿದ್ಧಪಡಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು. ಊರಿನಿಂದ ಬಂದವರು ತಂದ ಗಂಧದ ಸಾಬೂನಿನ ಪೊಟ್ಟಣ ಬಿಚ್ಚಿದಾಗ ಬರುವ ಪರಿಮಳದಲ್ಲಿ, ಹೈಡಲ್‌ಬರ್ಗಿನ ಆ ಗುರುಗಳ ಪಾಲೂ ಅಷ್ಟಿಷ್ಟು ಇದೆಯೆಂದು ನಮ್ಮ ಮಕ್ಕಳಿಗೆ ಹೇಳೋಣ.