ಕೊಳ್ಳೇಗಾಲದ ಮಾಟ, ಮೈಸೂರಿನ ಮೇಷ್ಟ್ರು

ಹಾಸ್ಟೆಲ್ ಸೇರಿದ ಮೊದಲ ವಾರ ಎಲ್ಲರೂ ಎಲ್ಲರ ಊರು ಕೇಳ್ತಾರೆ. ಮಂಡ್ಯ ಅಂದ್ರೆ ಕಬ್ಬು, ದಾವಣಗೆರೆ ಅಂದ್ರೆ ಬೆಣ್ಣೆದೋಸೆ, ಧಾರವಾಡ ಅಂದ್ರೆ ಪೇಡ. ಕೊಳ್ಳೇಗಾಲ ಅಂದ್ರೆ ಮಾತ್ರ ಒಂದೇ ಪ್ರಶ್ನೆ, ಮಾಟ ಮಾಡೋಕೆ ಬರುತ್ತಾ ಅಂತ. ಹನೂರಿನವರಿಗೂ ಯಳಂದೂರಿನವರಿಗೂ ಇದರಿಂದ ಬಿಡುಗಡೆ ಇಲ್ಲ. ನಮ್ಮಲ್ಲಿ ರೇಷ್ಮೆ ಇದೆ, ಮಲೆ ಮಹದೇಶ್ವರ ಬೆಟ್ಟ ಇದೆ, ಬಿಳಿಗಿರಿರಂಗನ ಬೆಟ್ಟ ಇದೆ, ರಾತ್ರಿಯಿಡೀ ಮಹದೇಶ್ವರನ ಕಥೆ ಹಾಡುವ ಕಂಸಾಳೆಯವರಿದ್ದಾರೆ. ಆದ್ರೂ ಸಿನಿಮಾದವರಿಗೆ ನಾವು ನಿಂಬೆಹಣ್ಣು ಮತ್ತು ಕುಂಕುಮ ಅಷ್ಟೇ.

ಮೊದಮೊದಲು ನಾನೂ ನಕ್ಕು ಸುಮ್ಮನಾಗ್ತಿದ್ದೆ. ಆದರೆ ಇದು ಬರೀ ತಮಾಷೆಯಲ್ಲ ಅಂತ ನನಗೆ ಗೊತ್ತಿತ್ತು. ನಮ್ಮ ದೊಡ್ಡಪ್ಪನ ಮಗ ಪಿಯುಸಿ ಪರೀಕ್ಷೆಯ ಹೊತ್ತಿಗೆ ನಿದ್ದೆ ಬಿಟ್ಟ, ಊಟ ಬಿಟ್ಟ, ಆಮೇಲೆ ಮಾತೂ ಬಿಟ್ಟ. ಯಾರೋ ಮಾಟ ಮಾಡಿಸಿದ್ದಾರೆ ಅಂತ ಮನೆಯವರು ತಿಂಗಳುಗಟ್ಟಲೆ ಅಲೆದರು. ಪಕ್ಕದ ಮನೆಯವರ ಮೇಲೆ ಅನುಮಾನ ಬಂದು ಎರಡು ಮನೆಗೂ ಮಾತು ನಿಂತಿತು. ಕೊನೆಗೆ ಮೈಸೂರಿನ ಡಾಕ್ಟರ ಹತ್ತಿರ ಹೋದಾಗ ಅದಕ್ಕೊಂದು ಹೆಸರೂ ಇತ್ತು, ಔಷಧಿಯೂ ಇತ್ತು. ಅವನೀಗ ಚೆನ್ನಾಗಿದ್ದಾನೆ. ಕಳೆದುಹೋದ ವರ್ಷ ವಾಪಸ್ ಬರಲಿಲ್ಲ.

ಐದನೇ ಸೆಮಿಸ್ಟರಿನಲ್ಲಿ ಮನಶ್ಶಾಸ್ತ್ರ ಪರಿಚಯದ ಎಲೆಕ್ಟಿವ್ ತಗೊಂಡಾಗ ಒಂದು ಹೆಸರು ಸಿಕ್ಕಿತು, ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ. ಆಕಾಶವಾಣಿಯ ಕಥೆಯಲ್ಲಿ ಅವರ ಹೆಸರು ಎಲ್ಲರಿಗೂ ಗೊತ್ತು. ಅವರ ನಿಜವಾದ ಕೆಲಸ ಮನಶ್ಶಾಸ್ತ್ರ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಎಂಜಿನಿಯರಿಂಗ್ ಓದುವ ನಾವು ಅವರ ಬದುಕಿನ ಈ ಎರಡೂ ಬದಿ ತಿಳ್ಕೊಳ್ಳಬೇಕು.

ಲಂಡನ್ನಿನ ಗುರು

1920ರ ದಶಕದ ಆರಂಭದಲ್ಲಿ ಗೋಪಾಲಸ್ವಾಮಿ ಲಂಡನ್ನಿನಲ್ಲಿ ಓದುತ್ತಿದ್ದರು. ಅವರ ಗುರು ಚಾರ್ಲ್ಸ್ ಸ್ಪಿಯರ್‌ಮನ್. ಈ ಹೆಸರು ನಮಗೆ ಹೊಸದಲ್ಲ, ಮ್ಯಾಥ್ಸ್‌ನಲ್ಲಿ ಬರುವ ರ‍್ಯಾಂಕ್ ಕೋರಿಲೇಷನ್ ಇವರದ್ದೇ. ಸ್ಪಿಯರ್‌ಮನ್ ಸುಮಾರು 15 ವರ್ಷ ಬ್ರಿಟಿಷ್ ಸೈನ್ಯದಲ್ಲಿ ಅಧಿಕಾರಿಯಾಗಿದ್ದು, ಮೂವತ್ತು ದಾಟಿದ ಮೇಲೆ ಕೆಲಸ ಬಿಟ್ಟು ಜರ್ಮನಿಯ ಲೈಪ್‌ಜಿಗ್‌ಗೆ ಹೋಗಿ ಮತ್ತೆ ವಿದ್ಯಾರ್ಥಿಯಾದವರು. ಅಲ್ಲಿ ಅವರಿಗೆ ಗುರುವಾಗಿದ್ದವರು ವಿಲ್ಹೆಲ್ಮ್ ವುಂಟ್. 1879ರಲ್ಲಿ ವುಂಟ್ ಕಟ್ಟಿದ ಲ್ಯಾಬೇ ಮನಶ್ಶಾಸ್ತ್ರದ ಮೊದಲ ಪ್ರಯೋಗಶಾಲೆ ಅಂತ ಪಠ್ಯಪುಸ್ತಕಗಳು ಹೇಳುತ್ತವೆ. ವುಂಟ್, ಸ್ಪಿಯರ್‌ಮನ್, ಗೋಪಾಲಸ್ವಾಮಿ. ಮೂರೇ ತಲೆಮಾರಿನಲ್ಲಿ ಲೈಪ್‌ಜಿಗ್‌ನ ಲ್ಯಾಬಿನ ದೀಪ ಮೈಸೂರಿಗೆ ಬಂತು.

ಒಂದು ವಿಷಯದಲ್ಲಿ ಚೆನ್ನಾಗಿ ಮಾಡುವ ಮಕ್ಕಳು ಬೇರೆ ವಿಷಯಗಳಲ್ಲೂ ಚೆನ್ನಾಗಿ ಮಾಡುವುದೇ ಹೆಚ್ಚು ಅನ್ನೋದನ್ನ ಸ್ಪಿಯರ್‌ಮನ್ 1904ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಎಲ್ಲ ಅಂಕಗಳ ಹಿಂದೆ ಒಂದು ಸಾಮಾನ್ಯ ಸಾಮರ್ಥ್ಯ ಇದೆ ಅನ್ನೋದು ಅವರ ವಾದ. ಆ ವಾದದ ಬಗ್ಗೆ ಇವತ್ತಿಗೂ ಜಗಳ ಮುಗಿದಿಲ್ಲ. ಆದರೆ ಅದಕ್ಕಾಗಿ ಅವರು ಕಟ್ಟಿದ ಫ್ಯಾಕ್ಟರ್ ಅನಾಲಿಸಿಸ್ ಇವತ್ತು ಡೇಟಾ ಸೈನ್ಸ್ ಓದುವವರ ಬತ್ತಳಿಕೆಯಲ್ಲೂ ಇದೆ.

ಗೋಪಾಲಸ್ವಾಮಿ ಆರಿಸಿಕೊಂಡದ್ದು ಕೈಕಾಲಿನ ಕಲಿಕೆ. ಹೊಸ ಚಲನೆಯೊಂದನ್ನು ಕಲಿಯುವಾಗ ಬುದ್ಧಿಯ ಪಾಲೆಷ್ಟು ಅನ್ನೋ ಅವರ ಸಂಶೋಧನಾ ಲೇಖನ 1924ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿಯಲ್ಲಿ ಪ್ರಕಟವಾಯಿತು. ಇಂಥ ಕಲಿಕೆಯನ್ನು ಅಳೆಯುವ ಹಳೇ ಪ್ರಯೋಗವೊಂದನ್ನು ನೀವು ಹಾಸ್ಟೆಲ್ ರೂಮಿನಲ್ಲೇ ಮಾಡಬಹುದು. ಒಂದು ನಕ್ಷತ್ರದ ಚಿತ್ರ ಇಟ್ಟುಕೊಂಡು, ಕೈಯನ್ನು ನೇರವಾಗಿ ನೋಡದೆ, ಕನ್ನಡಿಯಲ್ಲಿ ಮಾತ್ರ ನೋಡ್ತಾ ಅದರ ಗೆರೆಯ ಮೇಲೆ ಪೆನ್ಸಿಲ್ ಓಡಿಸಿ. ಮೊದಲ ಸಲ ಕೈ ಎತ್ತೆತ್ತಲೋ ಓಡುತ್ತೆ. ಪ್ರತಿ ಸಲದ ಸಮಯ ಮತ್ತು ತಪ್ಪು ಬರೆದಿಡಿ. ಹತ್ತು ಸಲ ಮಾಡಿ ಗ್ರಾಫ್ ಹಾಕಿದರೆ ನಿಮ್ಮ ಕಲಿಕೆಯ ರೇಖೆ ಕಣ್ಣ ಮುಂದೆ.

ಒಂದು ಮಗ್ಗ, ಐದು ಪ್ರಶ್ನೆ

ಆಗ ಮನಶ್ಶಾಸ್ತ್ರದಲ್ಲಿ ಹಲವು ಪಂಥಗಳು ಒಂದರ ಮೇಲೊಂದು ಬಿದ್ದು ಜಗಳ ಆಡ್ತಿದ್ದ ಕಾಲ. ಪಂಥಗಳ ಹೆಸರು ಬಾಯಿಪಾಠ ಮಾಡೋದಕ್ಕಿಂತ ಕೊಳ್ಳೇಗಾಲದ ಒಂದು ರೇಷ್ಮೆ ಮಗ್ಗದ ಮುಂದೆ ಅವರನ್ನೆಲ್ಲ ನಿಲ್ಲಿಸಿ ನೋಡೋದು ಸುಲಭ. ನೇಯುತ್ತಿರುವ ಹುಡುಗ ಆಗಷ್ಟೇ ಕೆಲಸ ಕಲಿಯುತ್ತಿದ್ದಾನೆ ಅಂದ್ಕೊಳ್ಳಿ.

ವುಂಟ್ ಮತ್ತು ಅವರ ಶಿಷ್ಯ ಟಿಚನರ್ ಕಡೆಯವರು, ನೂಲು ಮುಟ್ಟಿದಾಗ ನಿನ್ನೊಳಗೆ ಏನೇನು ಅನುಭವ ಆಗುತ್ತೆ, ಬಿಡಿಸಿ ಹೇಳು ಅನ್ನುತ್ತಾರೆ. ಅಮೆರಿಕದ ವಿಲಿಯಂ ಜೇಮ್ಸ್ ಕಡೆಯವರಿಗೆ, ಈ ಅಭ್ಯಾಸದಿಂದ ಅವನ ಬದುಕಿಗೆ ಏನು ಉಪಯೋಗ ಅನ್ನೋದು ಮುಖ್ಯ. ವಿಯೆನ್ನಾದ ಫ್ರಾಯ್ಡ್, ಅವನಿಗೇ ಗೊತ್ತಿಲ್ಲದ ಯಾವ ಆಸೆ ಭಯ ಒಳಗೆ ಕೂತಿದೆ ಅಂತ ಹುಡುಕುತ್ತಾರೆ. 1913ರಲ್ಲಿ ವರ್ತನಾವಾದ ಸಾರಿದ ವಾಟ್ಸನ್, ಒಳಗಿನದ್ದು ಬಿಡಿ, ಕಣ್ಣಿಗೆ ಕಾಣೋದನ್ನ ಮಾತ್ರ ಎಣಿಸಿ ಅಂತಾರೆ. 1912ರಲ್ಲಿ ವರ್ಟ್‌ಹೈಮರ್ ಶುರು ಮಾಡಿದ ಗೆಸ್ಟಾಲ್ಟ್ ಪಂಥದವರಿಗೆ, ಹುಡುಗ ಕಾಣುವುದು ಬಿಡಿ ಎಳೆಗಳನ್ನಲ್ಲ, ಇಡೀ ಸೀರೆಯ ವಿನ್ಯಾಸವನ್ನು.

ಐದೂ ಪ್ರಶ್ನೆ ಬೇರೆ ಬೇರೆ, ಹುಡುಗ ಮಾತ್ರ ಒಬ್ಬನೇ. ಗೋಪಾಲಸ್ವಾಮಿಯವರ ತರಬೇತಿ ಇವರೆಲ್ಲರ ನಡುವೆ ಅಳತೆಯ ದಾರಿಯದು. ಪಂಥ ಯಾವುದೇ ಇರಲಿ, ಹೇಳಿದ್ದನ್ನ ಎಣಿಸಿ ತೋರಿಸು ಅನ್ನೋ ದಾರಿ.

ಮಹಾರಾಜ ಕಾಲೇಜಿನ ಲ್ಯಾಬು

1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಆಗ ಬ್ರಜೇಂದ್ರನಾಥ ಸೀಲ್ ಕುಲಪತಿ. 1916ರ ಕಲ್ಕತ್ತಾ ವಿಭಾಗ ಬಿಟ್ಟರೆ ದೇಶದಲ್ಲಿ ಅಂಥ ವಿಭಾಗ ಬೇರೆ ಇರಲಿಲ್ಲ. ಮಹಾರಾಜ ಕಾಲೇಜಿನಲ್ಲಿ ಅದನ್ನು ಬೆಳೆಸಿದವರು ಗೋಪಾಲಸ್ವಾಮಿ. ತತ್ತ್ವಶಾಸ್ತ್ರದ ಮನೆಯೊಳಗೆ ಒಂದು ಮೂಲೆಯಲ್ಲಿದ್ದ ವಿಷಯಕ್ಕೆ ಉಪಕರಣ, ಪ್ರಯೋಗ, ಲೆಕ್ಕ ಬಂದವು. ಪ್ರಾಣಿಗಳ ಕಲಿಕೆ ನೋಡುವ ಪ್ರಯೋಗಶಾಲೆಯನ್ನೂ ಕಟ್ಟಿದರು. ಪಶ್ಚಿಮದ ಬುದ್ಧಿಪರೀಕ್ಷೆಗಳನ್ನು ನಮ್ಮವರಿಗೆ ಹೊಂದುವಂತೆ ಮಾಡುವ ಕೆಲಸಕ್ಕೂ ಇಳಿದರು.

ಈ ಕೊನೆಯ ಕೆಲಸ ಕೇಳೋಕೆ ಅನುವಾದದ ಹಾಗಿದೆ, ಮಾಡೋಕೆ ಹೋದರೆ ಕಷ್ಟ ಗೊತ್ತಾಗುತ್ತೆ. ಪ್ಯಾರಿಸ್ಸಿನ ಮಗುವಿಗೆ ಮಾಡಿದ ಪ್ರಶ್ನೆಪತ್ರಿಕೆಯನ್ನು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿನ ಮಗುವಿಗೆ ಕೊಟ್ಟರೆ ಏನಾಗುತ್ತೆ? ಕಾಡಿನ ಮರ, ಗೆಡ್ಡೆ, ಜೇನು, ಪ್ರಾಣಿಯ ಹೆಜ್ಜೆ ಎಲ್ಲ ಗೊತ್ತಿರುವ ಮಗು ಟ್ರಾಮಿನ ಚಿತ್ರ ನೋಡಿ ಸುಮ್ಮನೆ ಕೂರುತ್ತೆ. ಅಂಕ ಕಡಿಮೆ ಬಂದರೆ ಅದು ಮಗುವಿನ ದೋಷವಲ್ಲ, ಅಳತೆಗೋಲಿನ ದೋಷ. ನಮ್ಮ ಭಾಷೆಯಲ್ಲಿ ನಾವು ಹೇಳೋದಾದರೆ ಉಪಕರಣ ಕ್ಯಾಲಿಬ್ರೇಟ್ ಆಗಿಲ್ಲ. ಅದಕ್ಕೇ ಪ್ರಶ್ನೆಗಳನ್ನು ಇಲ್ಲಿನ ಮಕ್ಕಳ ಮೇಲೆ ಪ್ರಯೋಗಿಸಿ, ವಯಸ್ಸಿಗೆ ಎಷ್ಟು ಅಂತ ಮತ್ತೆ ಲೆಕ್ಕ ಹಾಕಬೇಕಿತ್ತು. ಈ ಎಚ್ಚರ ಇಲ್ಲದ ಕಡೆ ಬುದ್ಧಿಪರೀಕ್ಷೆಗಳು ಬಡವರನ್ನು, ವಲಸಿಗರನ್ನು ದಡ್ಡರೆಂದು ಕರೆದ ಕಥೆಗಳು ಜಗತ್ತಿನಲ್ಲಿ ಬೇಕಾದಷ್ಟಿವೆ.

ಮನೆಯಲ್ಲಿ ಒಂದು ರೇಡಿಯೋ ಸ್ಟೇಷನ್

ಕಥೆಯ ಇನ್ನೊಂದು ಬದಿ ಶುರುವಾಗೋದು 1935ರ ಸೆಪ್ಟೆಂಬರ್ 10ರಂದು. ಮೈಸೂರಿನ ತಮ್ಮ ಮನೆ ವಿಠ್ಠಲ ವಿಹಾರದಲ್ಲಿ ಗೋಪಾಲಸ್ವಾಮಿ 30 ವ್ಯಾಟ್‌ನ ಟ್ರಾನ್ಸ್‌ಮಿಟರ್ ಹೂಡಿ ಪ್ರಸಾರ ಆರಂಭಿಸಿದರು. ಈಗ ನಿಮ್ಮ ಲ್ಯಾಪ್‌ಟಾಪ್ ಚಾರ್ಜರ್ 65 ವ್ಯಾಟ್ ಇರುತ್ತೆ, ಇದು ಅದರ ಅರ್ಧಕ್ಕಿಂತ ಕಡಿಮೆ. ಅಷ್ಟರಲ್ಲೇ ಸಂಗೀತ, ಭಾಷಣ, ಕವಿತೆ. ಅಲ್ಲಿ ಕವಿತೆ ಓದಿದವರಲ್ಲಿ ಕುವೆಂಪು ಕೂಡ ಒಬ್ಬರು. ಆಮೇಲೆ 250 ವ್ಯಾಟ್‌ನ ಟ್ರಾನ್ಸ್‌ಮಿಟರ್ ಬಂತು. ಕೈಯಿಂದ ದುಡ್ಡು ಹಾಕಿ, ನಗರಸಭೆಯ ನೆರವು ಪಡೆದು, ವರ್ಷಗಟ್ಟಲೆ ಅದನ್ನು ಉಳಿಸಿಕೊಂಡರು. 1940ರ ದಶಕದಲ್ಲಿ ಮೈಸೂರು ಸರ್ಕಾರ ಅದನ್ನು ವಹಿಸಿಕೊಂಡಿತು.

ಆ ಕೇಂದ್ರದ ಹೆಸರು ಆಕಾಶವಾಣಿ. ಹೆಸರು ಹೊಳೆದದ್ದರಲ್ಲಿ ನಾ. ಕಸ್ತೂರಿಯವರ ಪಾಲೂ ಇದೆ ಅಂತ ಹೇಳುವವರಿದ್ದಾರೆ. ಆಲ್ ಇಂಡಿಯಾ ರೇಡಿಯೋ ಅನ್ನೋ ಹೆಸರು ಬಂದದ್ದು ಅದಕ್ಕಿಂತ ಆಮೇಲೆ, 1936ರಲ್ಲಿ. ಮುಂದೆ 1950ರ ದಶಕದಲ್ಲಿ ಇಡೀ ದೇಶದ ರೇಡಿಯೋ ಮೈಸೂರಿನ ಈ ಹೆಸರನ್ನೇ ತಗೊಂಡಿತು. ಮೈಸೂರಿನ ಕೇಂದ್ರ 1955ರಲ್ಲಿ ಬೆಂಗಳೂರಿಗೆ ಹೋಯಿತು.

ಆ ಕಾಲದಲ್ಲಿ ನಮ್ಮ ಕಡೆಯ ನಕ್ಷೆ ವಿಚಿತ್ರವಾಗಿತ್ತು. ಯಳಂದೂರು ಮೈಸೂರು ಸಂಸ್ಥಾನದ್ದು. ಅಲ್ಲಿಂದ ಅರ್ಧ ಗಂಟೆ ದಾರಿಯ ಕೊಳ್ಳೇಗಾಲ, ಅದರೊಳಗಿನ ಹನೂರು, ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯವು. ಮನೆಮಾತು ಕನ್ನಡ, ಸರ್ಕಾರ ಮದರಾಸಿನಲ್ಲಿ. ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಕಚೇರಿ, ಕೋರ್ಟು, ಶಾಲೆಗಳಿಗೆ ಗಡಿ ಗೊತ್ತಾಗುತ್ತೆ, ರೇಡಿಯೋ ಅಲೆಗೆ ಗೊತ್ತಾಗಲ್ಲ. ಕನ್ನಡದಲ್ಲಿ ಮಾತಾಡುವ ರೇಡಿಯೋ ಒಂದು ಯಾಕೆ ಬೇಕಿತ್ತು ಅನ್ನೋದು ಗಡಿಯಲ್ಲಿರುವವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಮನಶ್ಶಾಸ್ತ್ರದ ಮೇಷ್ಟ್ರಿಗೆ ಟ್ರಾನ್ಸ್‌ಮಿಟರ್ ಯಾಕೆ? ನನಗೆ ಕಾಣುವ ಉತ್ತರ ಇದು. ಆಕಾಶವಾಣಿ ಅಂದ್ರೆ ಪುರಾಣದಲ್ಲಿ ದೇವತೆಗಳ ಮಾತು, ಕಂಸನಿಗೆ ಕೇಳಿದ್ದು ಅದೇ. ಗೋಪಾಲಸ್ವಾಮಿ ಅದನ್ನು ವಾಲ್ವು, ಕಾಯಿಲು, ಆಂಟೆನಾದಿಂದ ಮಾಡಿ ತೋರಿಸಿದರು. ಮನಸ್ಸನ್ನೂ ಜನ ಹಾಗೇ ದೇವರು, ದೆವ್ವ, ಗ್ರಹಗಳ ಕೈಗೆ ಬಿಟ್ಟಿದ್ದರು. ಅದನ್ನೂ ಅವರು ಟೇಬಲ್ಲಿನ ಮೇಲಿಟ್ಟು ಗಡಿಯಾರ ಹಿಡಿದು ನೋಡಿದರು. ಎರಡೂ ಒಂದೇ ಸ್ವಭಾವದ ಕೆಲಸ.

ನಾಲ್ಕು ಮನೆ

ಈಗ ಮಾಟದ ವಿಷಯಕ್ಕೆ ಬರೋಣ. ತಾಯತ ಕಟ್ಟಿಸಿಕೊಂಡೆ, ವಾಸಿಯಾಯ್ತು ಅಂತ ಯಾರಾದರೂ ಹೇಳಿದರೆ ಗೋಪಾಲಸ್ವಾಮಿಯವರ ವಿದ್ಯೆ ಕಲಿತವನು ಬೈಯೋದಿಲ್ಲ, ನಗೋದಿಲ್ಲ. ಒಂದು ಹಾಳೆಯಲ್ಲಿ ನಾಲ್ಕು ಮನೆ ಬರೀತಾನೆ. ಕಟ್ಟಿಸಿಕೊಂಡು ವಾಸಿಯಾದವರು, ಕಟ್ಟಿಸಿಕೊಂಡೂ ವಾಸಿಯಾಗದವರು, ಕಟ್ಟಿಸಿಕೊಳ್ಳದೆ ವಾಸಿಯಾದವರು, ಕಟ್ಟಿಸಿಕೊಳ್ಳದೆ ವಾಸಿಯಾಗದವರು. ಊರಲ್ಲಿ ನಮಗೆ ಕೇಳಿಸೋದು ಮೊದಲ ಮನೆಯ ಕಥೆ ಮಾತ್ರ. ಉಳಿದ ಮೂರು ಮನೆಯವರು ಕಟ್ಟೆಯ ಮೇಲೆ ಕೂತು ಕಥೆ ಹೇಳೋದಿಲ್ಲ. ನಾಲ್ಕೂ ತುಂಬದೆ ಏನೂ ಹೇಳೋಕಾಗಲ್ಲ.

ತುಂಬಿದ ಮೇಲೂ ಅವಸರ ಬೇಡ. ಎರಡು ಸಂಗತಿ ಒಟ್ಟಿಗೆ ಬಂದರೆ ಅದು ಕೋರಿಲೇಷನ್, ಒಂದರಿಂದ ಇನ್ನೊಂದು ಆಯ್ತು ಅಂತಲ್ಲ. ಕಾರಣ ಹುಡುಕಬೇಕಾದರೆ ಪ್ರಯೋಗ ಬೇಕು. ಜನರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದೇ ಒಂದು ಅಂಶ ಬದಲಿಸಿ, ಉಳಿದದ್ದೆಲ್ಲ ಸಮ ಇರಬೇಕು. ವಾಸಿಯಾಗುತ್ತೆ ಅನ್ನೋ ನಂಬಿಕೆಯಿಂದಲೇ ಸ್ವಲ್ಪ ಹಗುರಾಗುವುದೂ ಉಂಟು, ಕೆಟ್ಟದ್ದಾಗುತ್ತೆ ಅನ್ನೋ ಭಯದಿಂದಲೇ ಮೈ ಸೊರಗುವುದೂ ಉಂಟು. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಷ್ಟು ಗೊತ್ತಿದ್ದರೆ ಮನಶ್ಶಾಸ್ತ್ರದ ಸಂಶೋಧನಾ ವಿಧಾನದ ಬುನಾದಿ ಗೊತ್ತಾದಂತೆ.

ಆ ನಾಲ್ಕು ಮನೆ ನಮ್ಮ ದೊಡ್ಡಪ್ಪನ ಮನೆಯಲ್ಲಿ ಯಾರಿಗಾದರೂ ಗೊತ್ತಿದ್ದಿದ್ದರೆ ನಮ್ಮ ಅಣ್ಣನ ಆ ವರ್ಷ ಉಳೀತಿತ್ತು, ಪಕ್ಕದ ಮನೆಯವರ ಜೊತೆ ಮಾತೂ ಉಳೀತಿತ್ತು. ಕೊಳ್ಳೇಗಾಲದಿಂದ ಒಂದು ಬಸ್ ಹತ್ತಿದರೆ ಸಿಗುವ ಮೈಸೂರಿನಲ್ಲಿ ಆ ವಿದ್ಯೆ 1924ರಿಂದ ಇದೆ. ನೂರು ವರ್ಷವಾದರೂ ಅದು ನಮ್ಮೂರ ಬಸ್ ಹತ್ತಿಲ್ಲ. ಗೋಪಾಲಸ್ವಾಮಿಯವರ ತಪ್ಪಲ್ಲ ಇದು. ಅವರು ಲಂಡನ್ನಿನಿಂದ ಮೈಸೂರಿನವರೆಗೆ ತಂದರು. ಉಳಿದ ದಾರಿ ನಮ್ಮದು.

ನಿಮ್ಮ ಬ್ಯಾಚಿನಲ್ಲೂ ನಿದ್ದೆ ಬಿಟ್ಟವರು, ಮೆಸ್ಸಿಗೆ ಬರೋದು ನಿಲ್ಲಿಸಿದವರು, ಫೋನ್ ಎತ್ತದವರು ಇರ್ತಾರೆ. ಅವರಿಗೆ ಯಾರದ್ದೋ ಕಣ್ಣು ಬಿದ್ದಿದೆ ಅಂತಾಗಲಿ, ಸೋಮಾರಿ ಅಂತಾಗಲಿ ತೀರ್ಮಾನ ಮಾಡೋ ಮೊದಲು ಹೋಗಿ ಪಕ್ಕದಲ್ಲಿ ಕೂತು ಕೇಳಿ. ಕಾಲೇಜಿನ ಕೌನ್ಸೆಲರ್ ಹತ್ತಿರವೋ ಡಾಕ್ಟರ ಹತ್ತಿರವೋ ಜೊತೆಗೆ ಹೋಗಿ. ಇನ್ನು ಮುಂದಿನ ಸಲ ಯಾರಾದರೂ ನನ್ನನ್ನು ಮಾಟ ಬರುತ್ತಾ ಅಂತ ಕೇಳಿದರೆ ಒಂದು ಹಾಳೆ ತಗೊಂಡು ನಾಲ್ಕು ಮನೆ ಬರೆದು ತೋರಿಸ್ತೀನಿ.