ಒಂದಕ್ಷರದ ಹಟ

ಒಂದಕ್ಷರ ಹೆಚ್ಚಾದರೆ ಏನು ಮುಳುಗಿಹೋಯಿತೆಂದು ತರಗತಿಯಲ್ಲಿ ವಿದ್ಯಾರ್ಥಿಗಳು ಕೇಳುವುದುಂಟು. ಕನ್ನಡ ಪಾಠ ಹೇಳುವ ನನಗೆ ಆಗ ನೆನಪಾಗುವವನು ನಮ್ಮ ವೈಯಾಕರಣರಲ್ಲಿ ಯಾರೂ ಅಲ್ಲ. ಈಜಿಪ್ಟಿನ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್.

ನಾಲ್ಕನೆಯ ಶತಮಾನದ ಆರಂಭದಲ್ಲಿ ಆ ನಗರದ ಪಾದ್ರಿ ಏರಿಯಸನು ಒಂದು ವಾದವನ್ನು ಹೂಡಿದನು. ದೇವಪುತ್ರನಾದ ಕ್ರಿಸ್ತನು ಸೃಷ್ಟಿಯಲ್ಲೆಲ್ಲ ಶ್ರೇಷ್ಠನಾದರೂ ಸೃಷ್ಟನಾದವನೇ. ಆದುದರಿಂದ ಪಿತನಿಗೆ ಸಮನಲ್ಲ ಎಂಬುದು ಅವನ ಮತ. ದೇವರ ಏಕತ್ವಕ್ಕೆ ಕುಂದು ಬರಬಾರದೆಂಬ ಕಳಕಳಿಯೂ ಅದರಲ್ಲಿತ್ತು. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನು ನೈಸಿಯದಲ್ಲಿ ಬಿಷಪ್ಪರ ಮಹಾಸಭೆಯನ್ನು ಕರೆದನು. ತರುಣ ಅಥನೇಸಿಯಸನು ತನ್ನ ಬಿಷಪ್ ಅಲೆಕ್ಸಾಂಡರನ ಸಹಾಯಕನಾಗಿ ಅಲ್ಲಿಗೆ ಹೋಗಿದ್ದನು. ಸುತನು ಪಿತನೊಡನೆ ಏಕತತ್ತ್ವನು ಎಂಬ ಅರ್ಥದ ‘ಹೊಮೊಊಸಿಯೋಸ್’ ಎಂಬ ಗ್ರೀಕ್ ಪದವನ್ನು ಸಭೆ ಅಂಗೀಕರಿಸಿತು.

ಸಭೆ ಮುಗಿದರೂ ಜಗಳ ಮುಗಿಯಲಿಲ್ಲ. ಮುಂದೆ ಕೆಲವರು ಆ ಪದದ ನಡುವೆ ‘ಐಯೋಟ’ ಎಂಬ ಒಂದಕ್ಷರವನ್ನು ಸೇರಿಸಿ ರಾಜಿಯ ದಾರಿಯನ್ನರಸಿದರು. ಆಗ ಏಕತತ್ತ್ವವೆಂಬುದು ಸದೃಶತತ್ತ್ವವಾಗುತ್ತದೆ. ಇದು ಬರಿಯ ಕೂದಲು ಸೀಳುವ ಕೆಲಸವೆಂದು ನಾನೂ ಒಮ್ಮೆ ಭಾವಿಸಿದ್ದೆ. ಆದರೆ ಅಥನೇಸಿಯಸನ ದೃಷ್ಟಿಯಲ್ಲಿ ಪಣಕ್ಕೊಡ್ಡಿದ್ದುದು ಮನುಷ್ಯನ ಉದ್ಧಾರವೇ ಆಗಿತ್ತು. ತಾನೇ ಸೃಷ್ಟನಾದವನು ಉಳಿದ ಸೃಷ್ಟಿಯನ್ನು ದೇವರ ಬಳಿಗೆ ಎತ್ತಬಲ್ಲನೆ? ಕ್ರಿಸ್ತನು ಕೇವಲ ಮಧ್ಯದ ಅಧಿಕಾರಿಯಾದರೆ ದೇವರು ಮನುಷ್ಯನವರೆಗೆ ಇಳಿದು ಬಂದಂತಾಗಲಿಲ್ಲ ಎಂಬುದು ಅವನ ವಾದದ ತಿರುಳು.

328ರಲ್ಲಿ ಬಿಷಪ್ ಆದ ಅವನು ಆ ಪೀಠದ 45 ವರ್ಷಗಳಲ್ಲಿ ಸುಮಾರು 17 ವರ್ಷಗಳನ್ನು ದೇಶಭ್ರಷ್ಟನಾಗಿ ಕಳೆದನು. ನಾಲ್ವರು ಚಕ್ರವರ್ತಿಗಳ ಕಾಲದಲ್ಲಿ ಐದು ಸಲ ಪೀಠದಿಂದ ದೂರವಾದನು. ಆರ್ಸೀನಿಯಸ್ ಎಂಬವನನ್ನು ಕೊಲ್ಲಿಸಿದನೆಂಬ ಆರೋಪ ಬಂದಿತು. ಆರ್ಸೀನಿಯಸನು ಜೀವಂತನಾಗಿಯೇ ಸಿಕ್ಕಿದನು. ರಾಜಧಾನಿಗೆ ಹೋಗುವ ಧಾನ್ಯದ ಹಡಗುಗಳನ್ನು ತಡೆಯುವೆನೆಂದನೆಂಬ ದೂರಿನ ಮೇಲೆ 335ರಲ್ಲಿ ದೂರದ ಟ್ರಿಯರ್ ನಗರಕ್ಕೆ ಗಡೀಪಾರಾದನು. 356ರ ಫೆಬ್ರವರಿಯ ಒಂದು ರಾತ್ರಿ ಸೈನಿಕರು ದೇವಾಲಯಕ್ಕೆ ನುಗ್ಗಿದಾಗ ತಪ್ಪಿಸಿಕೊಂಡು, ಆರು ವರ್ಷಗಳ ಕಾಲ ಮರುಭೂಮಿಯ ಸಂನ್ಯಾಸಿಗಳ ಆಶ್ರಯದಲ್ಲಿ ಅಡಗಿ ಬರೆಯುತ್ತಿದ್ದನು.

ಅವನು ನಿಷ್ಕಳಂಕನೆಂದು ನಾನು ಹೇಳಲಾರೆ. ಅವನ ಮಾತು ಬಲು ಕಟು. ಅವನ ಕಡೆಯವರು ಎದುರಾಳಿಗಳನ್ನು ಹೊಡೆದರೆಂದು ಹೇಳುವ ಆ ಕಾಲದ ಪಪೈರಸ್ ಪತ್ರವೊಂದು ಇಂದಿಗೂ ಉಳಿದಿದೆ. ಆದರೂ 362ರಲ್ಲಿ ಮರಳಿ ಬಂದು ಅಲೆಕ್ಸಾಂಡ್ರಿಯದಲ್ಲಿ ಸಭೆ ಸೇರಿಸಿದಾಗ ಅವನು ನಡೆದುಕೊಂಡ ರೀತಿ ಬೇರೆ. ತ್ರಿತ್ವದ ವಿಷಯದಲ್ಲಿ ಕೆಲವರು ಮೂರು ‘ಹೈಪೊಸ್ಟಸಿಸ್’ ಎನ್ನುತ್ತಿದ್ದರು, ಕೆಲವರು ಒಂದೇ ಎನ್ನುತ್ತಿದ್ದರು. ಅವರವರ ಅಭಿಪ್ರಾಯವನ್ನು ಕೇಳಿ ತಿಳಿದು, ಇಬ್ಬರ ಮಾತು ಬೇರೆಯಾದರೂ ಭಾವ ಒಂದೇ ಎಂದು ಕಂಡಾಗ ಇಬ್ಬರನ್ನೂ ಅವನು ಸ್ವೀಕರಿಸಿದನು.

373ರಲ್ಲಿ ಅವನು ತನ್ನ ನಗರದಲ್ಲಿಯೇ ತೀರಿಕೊಂಡನು. ಎಂಟು ವರ್ಷಗಳ ಬಳಿಕ ಕಾನ್‌ಸ್ಟಾಂಟಿನೋಪಲಿನ ಮಹಾಸಭೆ ನೈಸಿಯದ ನಿರ್ಣಯವನ್ನು ಎತ್ತಿಹಿಡಿಯಿತು.

ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟೆ: ಅರ್ಥ ಕೆಡುವಲ್ಲಿ ಒಂದಕ್ಷರವನ್ನೂ ಬಿಡಬೇಡಿ, ಅರ್ಥ ಉಳಿಯುವಲ್ಲಿ ಪದಕ್ಕಾಗಿ ಜಗಳವಾಡಬೇಡಿ. ಇವೆರಡರಲ್ಲಿ ಎರಡನೆಯದನ್ನು ಕಲಿಯಲು ಅಥನೇಸಿಯಸನಿಗೂ ಬಹುಕಾಲ ಹಿಡಿಯಿತು.