ರಕ್ತಕಣದ ಪೊರೆಯನ್ನು ಕಂಡ ವಿಲಿಯಂ ಹ್ಯೂಸನ್

ಲಂಡನ್ ನಗರದ ಕ್ರೇವನ್ ಬೀದಿಯಲ್ಲಿ 36ನೆಯ ಸಂಖ್ಯೆಯ ಮನೆಯೊಂದಿದೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಮಹಾಶಯನು ಅನೇಕ ವರ್ಷ ತಂಗಿದ್ದ ಮನೆಯೆಂಬುದೇ ಅದರ ಖ್ಯಾತಿ. 1998ರಲ್ಲಿ ಅದರ ಜೀರ್ಣೋದ್ಧಾರ ನಡೆದಿದ್ದಾಗ ನೆಲಮಾಳಿಗೆಯ ಕುಣಿಯೊಂದರಲ್ಲಿ 1200ಕ್ಕೂ ಮಿಕ್ಕಿ ಎಲುಬಿನ ತುಂಡುಗಳು ದೊರೆತುವು. ಹದಿನೈದು ಜನರಿಗೆ ಕಡಮೆಯಿಲ್ಲದಷ್ಟು ಮನುಷ್ಯರ ಅಸ್ಥಿಗಳವು, ಮಕ್ಕಳವೂ ಅವುಗಳಲ್ಲಿದ್ದುವು. ಕೆಲವನ್ನು ಗರಗಸದಿಂದ ಕೊಯ್ದಿತ್ತು, ಕೆಲವು ತಲೆಬುರುಡೆಗಳಿಗೆ ರಂಧ್ರ ಕೊರೆದಿತ್ತು. ಅಲ್ಲಿ ನಡೆದುದು ಕೊಲೆಯಲ್ಲ, ಪಾಠ. ಆ ಪಾಠವನ್ನು ಹೇಳಿದವನೇ ವಿಲಿಯಂ ಹ್ಯೂಸನ್. ರಕ್ತಶಾಸ್ತ್ರದ ಪಿತಾಮಹನೆಂದು ವೈದ್ಯಲೋಕವು ಇವನನ್ನು ಗೌರವಿಸುತ್ತದೆ.

ಹ್ಯೂಸನನು 1739ರಲ್ಲಿ ಇಂಗ್ಲೆಂಡಿನ ಉತ್ತರ ಭಾಗದ ಹೆಕ್ಸಂ ಎಂಬ ಊರಿನಲ್ಲಿ ಜನಿಸಿದನು. ತಂದೆ ಶಸ್ತ್ರವೈದ್ಯನು. ಇಪ್ಪತ್ತು ತುಂಬುವುದರೊಳಗೆ ಹುಡುಗನು ಲಂಡನ್ನಿಗೆ ಬಂದು ಹಂಟರ್ ಸೋದರರ ಶಿಷ್ಯನಾದನು. ಜಾನ್ ಹಂಟರನು ಸೈನ್ಯದೊಡನೆ ಪರದೇಶಕ್ಕೆ ಹೋದಾಗ ಶವಚ್ಛೇದನದ ಪಾಠವು ಇವನ ಪಾಲಿಗೆ ಬಂದಿತು; ಮುಂದೆ ವಿಲಿಯಂ ಹಂಟರನ ಶಾಲೆಯಲ್ಲಿ ಪಾಲುದಾರನೂ ಆದನು. ಪಕ್ಷಿ, ಸರೀಸೃಪ, ಮತ್ಸ್ಯಗಳಲ್ಲಿಯೂ ದುಗ್ಧರಸನಾಳಗಳಿವೆಯೆಂದು ತೋರಿಸಿಕೊಟ್ಟುದಕ್ಕಾಗಿ ರಾಯಲ್ ಸೊಸೈಟಿಯು ಇವನಿಗೆ ಕಾಪ್ಲೆ ಪದಕವನ್ನಿತ್ತಿತು.

ಆದರೆ ನಾವು ಇಲ್ಲಿ ವಿಶೇಷವಾಗಿ ಸ್ಮರಿಸಬೇಕಾದುದು ಇವನ ರಕ್ತಸಂಶೋಧನೆಯನ್ನು. ಹಾಲೆಂಡಿನ ಲೇವನ್‌ಹುಕ್ ಮೊದಲಾದವರು ಸೂಕ್ಷ್ಮದರ್ಶಕದಲ್ಲಿ ಮನುಷ್ಯನ ಕೆಂಪು ಕಣಗಳನ್ನು ಕಂಡು ಅವು ಗೋಲಿಯಂತೆ ದುಂಡಗಿವೆಯೆಂದು ಬರೆದಿದ್ದರು. ನೂರು ವರ್ಷ ಅದೇ ಮಾತು ನಡೆದು ಬಂದಿತ್ತು. ಹ್ಯೂಸನನಿಗೆ ಸಂದೇಹ ಬಂದುದು ಒಂದು ಸಣ್ಣ ವಿಷಯದಲ್ಲಿ. ದಟ್ಟವಾದ ರಕ್ತವನ್ನು ತೆಳ್ಳಗೆ ಮಾಡಲು ಜನರು ನೀರನ್ನು ಬೆರೆಸುತ್ತಿದ್ದರಷ್ಟೆ? ಆ ನೀರೇ ಕಣಗಳ ರೂಪವನ್ನು ಕೆಡಿಸುತ್ತಿರಬಾರದೇಕೆ? ಆತನು ನೀರನ್ನು ಬಿಟ್ಟು ರಕ್ತದ ತಿಳಿರಸವನ್ನೇ ಬೆರೆಸಿ ನೋಡಿದನು. ಕಣಗಳು ಗೋಲಿಗಳಾಗಿರಲಿಲ್ಲ, ನಾಣ್ಯದಂತೆ ಚಪ್ಪಟೆಯಾಗಿದ್ದುವು. ಗಾಜಿನ ಮೇಲೆ ಹೊರಳುವಾಗ ಒಮ್ಮೆ ಮುಖವನ್ನೂ ಒಮ್ಮೆ ಅಂಚನ್ನೂ ತೋರಿಸಿದುವು. ನೀರು ಸೋಕಿದೊಡನೆ ಉಬ್ಬಿ ದುಂಡಗಾಗಿ ಕಡೆಗೆ ಕರಗಿಹೋದುವು. ನೀರಿಗೆ ಹದವಾಗಿ ಉಪ್ಪು ಹಾಕಿದರೆ ರೂಪವು ನಿಂತಿತು. ಉಪ್ಪು ಮಿತಿಮೀರಿದರೆ ಕಣಗಳು ಮುದುಡಿಕೊಂಡುವು. ಉಬ್ಬುವುದಕ್ಕೂ ಮುದುಡುವುದಕ್ಕೂ ಹೊರಗೊಂದು ಪೊರೆ ಇರಲೇಬೇಕಲ್ಲವೆ? ಈ ಕಣಗಳು ಪೊರೆಯುಳ್ಳ ಕೋಶಗಳೆಂದು 1773ರಲ್ಲಿ ಆತನು ಪ್ರಕಟಿಸಿದನು.

ಒಂದು ಕಡೆ ಆತನು ತಪ್ಪಿದುದೂ ಉಂಟು. ಕಪ್ಪೆ, ಮೀನುಗಳ ರಕ್ತಕಣದ ನಡುವೆ ಇರುವ ಬೀಜವು ಮನುಷ್ಯನ ಕಣದಲ್ಲಿಯೂ ಇದೆಯೆಂದು ಭಾವಿಸಿದನು. ಮನುಷ್ಯನ ಪ್ರೌಢ ಕಣದಲ್ಲಿ ಅದಿಲ್ಲ. ಆದರೂ ಆತನ ಪೊರೆಯ ಮಾತು ಉಳಿಯಿತು. ಗೋರ್ಟರ್ ಮತ್ತು ಗ್ರೆಂಡೆಲ್ ಎಂಬ ಹಾಲೆಂಡಿನ ವಿದ್ವಾಂಸರು 1925ರಲ್ಲಿ ಇದೇ ಕೆಂಪು ಕಣಗಳಿಂದ ಕೊಬ್ಬನ್ನು ತೆಗೆದು ಅಳೆದು, ಪೊರೆಯು ಎರಡು ಪದರದ್ದೆಂಬ ನಿರ್ಣಯಕ್ಕೆ ಬಂದರು. ರಕ್ತವು ಹೆಪ್ಪುಗಟ್ಟುವುದು ಕಣಗಳಿಂದಲ್ಲ, ದ್ರವಭಾಗದಲ್ಲಿರುವ ಪದಾರ್ಥದಿಂದ ಎಂಬುದನ್ನು ತೋರಿಸಿದವನೂ ಹ್ಯೂಸನನೇ.

1770ರಲ್ಲಿ ಆತನು ಫ್ರಾಂಕ್ಲಿನನ ಮನೆಯೊಡತಿಯ ಮಗಳಾದ ಮೇರಿ ಸ್ಟೀವನ್‌ಸನ್ ಎಂಬಾಕೆಯನ್ನು ವರಿಸಿದನು. ಆ ಮೇಲೆ ವಿಲಿಯಂ ಹಂಟರನೊಡನೆ ಮನಸ್ತಾಪ ಬೆಳೆಯಿತು. ಪಾಠಕ್ಕಾಗಿ ಸಿದ್ಧಪಡಿಸಿದ ಅಂಗಾಂಗಗಳ ನಮೂನೆಗಳು ಯಾರ ಸೊತ್ತು ಎಂಬುದೇ ಜಗಳ. ಫ್ರಾಂಕ್ಲಿನನು ನಡುವೆ ನಿಂತು ಮಾತಾಡಬೇಕಾಯಿತು. ಆ ಅಂಗಗಳು ಮೊದಲು ಯಾರ ಮೈಯಲ್ಲಿದ್ದುವೋ ಅವರ ಹಕ್ಕಿನ ಪ್ರಶ್ನೆಯನ್ನು ಈ ಮೂವರು ಬುದ್ಧಿವಂತರಲ್ಲಿ ಒಬ್ಬನೂ ಎತ್ತಿದಂತಿಲ್ಲ. ಕಾಲವೇ ಅಂಥದು. 1752ರ ಕಾನೂನು ಕೊಲೆಗಾರರ ಶವಗಳನ್ನು ಮಾತ್ರ ಛೇದನಕ್ಕೆ ಕೊಡುತ್ತಿತ್ತು, ಅವು ಸಾಲುತ್ತಿರಲಿಲ್ಲ. ಉಳಿದುವು ರಾತ್ರಿಯ ಹೊತ್ತು ಗೋರಿಗಳಿಂದ ಬರುತ್ತಿದ್ದುವು. ಶವವು ಯಾರ ಆಸ್ತಿಯೂ ಅಲ್ಲವೆಂದು ನ್ಯಾಯಶಾಸ್ತ್ರವು ಹೇಳುತ್ತಿದ್ದುದರಿಂದ, ಹೆಣದ ಮೇಲಿನ ಬಟ್ಟೆಯನ್ನು ಕದ್ದರೆ ಕಳವು, ಹೆಣವನ್ನೇ ಕದ್ದರೆ ಕಳವಲ್ಲ! 1828ರಲ್ಲಿ ಎಡಿನ್‌ಬರೋದಲ್ಲಿ ಶವ ಮಾರುವುದಕ್ಕಾಗಿಯೇ ಹದಿನಾರು ಜನರನ್ನು ಕೊಂದ ಸಂಗತಿ ಬಯಲಾದ ಮೇಲೆ, 1832ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಬೇರೆ ಶಾಸನ ಮಾಡಿತು. ವಾರಸುದಾರರಿಲ್ಲದ ಶವಗಳನ್ನು ವಿದ್ಯಾಲಯಗಳಿಗೆ ಕೊಡಬಹುದೆಂಬುದು ಅದರ ಸಾರ; ಅನಾಥಾಶ್ರಮಗಳ ಬಡವರೇ ಅದರ ಭಾರವನ್ನು ಹೊತ್ತರು. ನಮ್ಮಲ್ಲಿ 1949ರ ಮುಂಬಯಿ ಅಧಿನಿಯಮವೂ 1957ರ ಮೈಸೂರು ಅಧಿನಿಯಮವೂ ವಾರಸುದಾರರಿಲ್ಲದ ಶವಗಳ ವಿಷಯದಲ್ಲಿ ಇದೇ ದಾರಿಯನ್ನು ಹಿಡಿದುವು. ಊರು ಬಿಟ್ಟು ಬಂದು ಪರಸ್ಥಳದ ಆಸ್ಪತ್ರೆಯಲ್ಲಿ ಒಂಟಿಯಾಗಿ ಸಾಯುವವರು ಯಾರೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಂಟರನಿಂದ ಅಗಲಿದ ಹ್ಯೂಸನನು 1772ರಲ್ಲಿ ಕ್ರೇವನ್ ಬೀದಿಯ ಮನೆಯಲ್ಲಿಯೇ ಸ್ವಂತ ಶಾಲೆಯನ್ನು ತೆರೆದನು. ಫ್ರಾಂಕ್ಲಿನನೂ ಅತ್ತೆಯೂ ಹತ್ತಿರದ ಇನ್ನೊಂದು ಮನೆಗೆ ಹೋಗಿ ಅಳಿಯನಿಗೆ ಸ್ಥಳ ಬಿಟ್ಟುಕೊಟ್ಟರು. ಆ ಶಾಲೆಯನ್ನು ಆತನು ಎರಡು ವರ್ಷವೂ ನಡೆಸಲಾಗಲಿಲ್ಲ. 1774ರ ವಸಂತದಲ್ಲಿ ಶವಚ್ಛೇದನ ಮಾಡುತ್ತಿದ್ದಾಗ ಕೈಗೆ ಗಾಯವಾಯಿತು, ನಂಜು ರಕ್ತಕ್ಕೇರಿತು. ಮೇ 1ರಂದು, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಹ್ಯೂಸನನು ತೀರಿಕೊಂಡನು. ಆಗ ಮನೆಯಲ್ಲಿ ಇಬ್ಬರು ಕೂಸುಗಳು. ಪತ್ನಿ ಮತ್ತೆ ಗರ್ಭಿಣಿ.

ಅರ್ಧಕ್ಕೆ ನಿಂತಿದ್ದ ಗ್ರಂಥದ ಮೂರನೆಯ ಭಾಗವನ್ನು ಶಿಷ್ಯ ಮ್ಯಾಗ್ನಸ್ ಫಾಲ್ಕನರನು 1777ರಲ್ಲಿ ಪ್ರಕಟಿಸಿದನು. ಮೇರಿಯು 1786ರಲ್ಲಿ ಮಕ್ಕಳೊಡನೆ ಫಿಲಡೆಲ್ಫಿಯಾಕ್ಕೆ ತೆರಳಿದಳು. 1790ರಲ್ಲಿ ಫ್ರಾಂಕ್ಲಿನನ ಅಂತ್ಯಕಾಲದಲ್ಲಿ ಬಳಿಯಲ್ಲಿದ್ದವರಲ್ಲಿ ಆಕೆಯೂ ಒಬ್ಬಳು. ತಂದೆಯು ಸತ್ತಾಗ ಇನ್ನೂ ಎಳೆಗೂಸಾಗಿದ್ದ ಎರಡನೆಯ ಮಗ ಥಾಮಸನು ಅದೇ ನಗರದಲ್ಲಿ ವೈದ್ಯನಾಗಿ, ಅಲ್ಲಿನ ವೈದ್ಯಸಂಘದ ಅಧ್ಯಕ್ಷ ಪದವಿಗೇರಿದನು.